ಕೂಗಲಾರದ ಹೆಸರು

ತಗಡಿನ ಕಾರ್ಖಾನೆಗೆ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಹೊಸ ಹೆಸರು ಬೀಳುತ್ತದೆ. ಹೆತ್ತವರು ಇಟ್ಟ ಹೆಸರು ಎಷ್ಟೇ ಚೆಂದವಿರಲಿ, ಅದನ್ನು ಗೇಟಿನ ಹೊರಗೇ ಬಿಟ್ಟು ಬರಬೇಕು. ಹನ್ನೆರಡು ಸುತ್ತಿಗೆಗಳು ಒಟ್ಟಿಗೆ ತಗಡು ಬಡಿಯುವ ಕಡೆ ಮೆತ್ತಗಿನ ಹೆಸರು ಯಾರ ಕಿವಿಗೂ ಮುಟ್ಟುವುದಿಲ್ಲ. ಮೇಲಿನ ಸರಪಳಿಯಿಂದ ತಗಡಿನ ಕಟ್ಟು ಜಾರಿತೆಂದರೆ ಕೆಳಗಿದ್ದವರ ಹೆಸರನ್ನು ಒಂದೇ ಉಸಿರಿಗೆ ಕೂಗಬೇಕು, ಅವರು ಹಿಂದೆ ಮುಂದೆ ನೋಡದೆ ಪಕ್ಕಕ್ಕೆ ನೆಗೆಯಬೇಕು. ಹಾಗಾಗಿ ಅಲ್ಲಿ ಎಲ್ಲರಿಗೂ ಗಟ್ಟಿ ಅಕ್ಷರದ ಗಿಡ್ಡ ಹೆಸರು. ಇಡುವವನು ಮೇಸ್ತ್ರಿ, ತಕರಾರು ಮಾಡುವಂತಿಲ್ಲ. ಒಬ್ಬ ಕೊಕ್ಕೆ, ಒಬ್ಬ ಟೋಪಿ. ಟ್ರಂಕಿನ ಮುಚ್ಚಳಕ್ಕೆ ರಿವೆಟ್ ಮೊಳೆ ಹೊಡೆಯಲು ಬಂದ ಹುಡುಗಿ ಡಬ್ಬಿಯಾದಳು.

ದೊಡ್ಡ ಸುತ್ತಿಗೆಯವನು ಮಾತ್ರ ತನ್ನ ಹೆಸರನ್ನು ತಾನೇ ಇಟ್ಟುಕೊಂಡಿದ್ದ: ಗುಡುಗ. ಅವನ ಗಂಟಲಿಗೆ ಅದು ಒಪ್ಪುತ್ತಿತ್ತು. ಡಬ್ಬಿ ಅವನನ್ನೇ ಮದುವೆಯಾದಳು. ಇವಳ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಎಂದು ನೀವು ಕೇಳಬಹುದು. ಒಮ್ಮೆ ಕಟ್ಟು ಜಾರಿದಾಗ ಕೂಗಿ ಅವಳ ಜೀವ ಉಳಿಸಿದವನು ಅವನೇ. ಇಪ್ಪತ್ತು ವರ್ಷದ ಹುಡುಗಿಗೆ ಅಷ್ಟು ಸಾಕಾಗಿತ್ತು.

ಮದುವೆಯಾದ ಮೂರನೇ ವಾರ ಅದೇ ಗಂಟಲು ಅದೇ ಹೆಸರನ್ನು ಮನೆಯೊಳಗೆ ಕೂಗಿತು. ಸಾರಿಗೆ ಉಪ್ಪು ಹೆಚ್ಚಾಗಿತ್ತಂತೆ. ಕೂಗಿದ, ಮೂರು ಹೆಜ್ಜೆ ನಡೆದು ಬಂದ, ಕಿವಿಯಿಂದ ರಕ್ತ ಬರುವ ಹಾಗೆ ಬಾರಿಸಿದ. ಅಲ್ಲಿಂದ ಮುಂದೆ ಅದೇ ಕ್ರಮ. ಮೊದಲು ಹೆಸರು, ಆಮೇಲೆ ಮೂರು ಹೆಜ್ಜೆ, ಆಮೇಲೆ ಕೈ. ಆ ಮೂರು ಹೆಜ್ಜೆಯೊಳಗೆ ಏನೇನು ಮಾಡಬಹುದು ಎಂಬುದನ್ನು ಡಬ್ಬಿ ಕಲಿತಳು. ತಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿಯಬಹುದು, ಮೂಲೆಗೆ ಬೆನ್ನು ಕೊಡಬಹುದು, ಹಲ್ಲಿನ ನಡುವೆ ಸೆರಗು ಕಚ್ಚಿಕೊಳ್ಳಬಹುದು. ಅತ್ತೆಯೂ ಒಂದು ಕಲಿತಿದ್ದಳು. ಮಗನ ಕೂಗು ಕೇಳಿದ ಕೂಡಲೇ ತನ್ನ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಗಂಡನ ಕಾಲದಿಂದಲೂ ಅವಳಿಗೆ ಅದು ರೂಢಿ.

ಹತ್ತು ವರ್ಷದ ಮೇಲೆ ಹೆಣ್ಣು ಕೂಸು ಹುಟ್ಟಿತು. ಎರಡು ಸಲ ನಿಂತ ಬಸಿರು ಅವನ ಒದೆತಕ್ಕೇ ಇಳಿದುಹೋಗಿತ್ತು; ಇದೊಂದು ಹಟ ಹಿಡಿದು ಬದುಕಿ ಬಂದಿತ್ತು. ಮೂರು ತಿಂಗಳೊಳಗೆ ಹೆಸರು ಬರೆಸಬೇಕೆಂದು ಜನನ ಕಚೇರಿಯವರು ಚೀಟಿ ಕೊಟ್ಟರು.

"ಗಟ್ಟಿ ಹೆಸರಿಡಬೇಕು. ಈ ತುದಿಯಿಂದ ಕೂಗಿದ್ರೆ ಆ ತುದಿಗೆ ಕೇಳ್ಬೇಕು," ಅಂದ ಗುಡುಗ.

ಡಬ್ಬಿಯ ಬಾಳಿನಲ್ಲಿ ಹೆಸರು ಮುಂದೆ ಬರದೆ ಒಂದು ಏಟೂ ಬಿದ್ದಿರಲಿಲ್ಲ. ಹೆಸರೇ ಏಟಿನ ಬಾಗಿಲು ಎಂದು ಅವಳು ನಂಬಿಬಿಟ್ಟಿದ್ದಳು. ಆ ಬಾಗಿಲೇ ಇಲ್ಲದ ಹೆಸರೊಂದು ಸಿಕ್ಕರೆ ಕೂಸಿನ ಮೈ ಯಾರೂ ಮುಟ್ಟುವುದಿಲ್ಲ. ಕೇಳಿದವರು ನಕ್ಕಾರು, ಆದರೆ ದಿನಾ ಪೆಟ್ಟು ತಿನ್ನುವವರ ಲೆಕ್ಕಾಚಾರ ಬೇರೆಯೇ ಇರುತ್ತದೆ.

ಎರಡು ತಿಂಗಳಿಗೆ ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಮತ್ತೆ ಕೆಲಸಕ್ಕೆ ಹೋದಳು. ಹೆಸರುಗಳನ್ನು ಪರೀಕ್ಷೆ ಮಾಡಿದ್ದು ಅಲ್ಲಿಯೇ. ಸುತ್ತಿಗೆಗಳು ಜೋರಾದಾಗ ಒಂದೊಂದು ಹೆಸರನ್ನು ಗಂಟಲು ಬಿಚ್ಚಿ ಕೂಗುವುದು, ಪಕ್ಕದ ಮಣೆಯ ಕೊಕ್ಕೆ ತಲೆ ಎತ್ತಿದರೆ ಆ ಹೆಸರು ಬೇಡ. ಕೊಕ್ಕೆಗೆ ನಲವತ್ತು ಸಲ ತಲೆ ಎತ್ತಿ ಕುತ್ತಿಗೆ ನೋವು ಬಂತು. "ಏನಮ್ಮಾ ನಿಂದು, ಹುಚ್ಚು ಹಿಡಿದಿದ್ಯಾ?" ಎಂದು ಕೈಸನ್ನೆಯಲ್ಲಿ ಕೇಳಿದ. ನಲವತ್ತೊಂದನೆಯದಕ್ಕೆ ಅವನು ತಲೆ ಎತ್ತಲಿಲ್ಲ. ಡಬ್ಬಿ ಕುತ್ತಿಗೆಯ ನರ ಉಬ್ಬುವ ಹಾಗೆ ಇನ್ನೊಮ್ಮೆ ಕೂಗಿದಳು. ಎರಡು ಮಾರು ದೂರದಲ್ಲಿ ಅವನು ತನ್ನ ಪಾಡಿಗೆ ತಾನು ತಗಡು ಮಡಿಸುತ್ತಿದ್ದ. ಅವಳಿಗೆ ಅಳು ಬಂತು, ಸಂತೋಷಕ್ಕೆ.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಓದಿದವರು ಯಾರಾದರೂ ಕೂಗಿ ನೋಡಿಯಾರು, ಅವಳಿಗದು ಇಷ್ಟವಿಲ್ಲ. ನಾಲ್ಕು ಅಕ್ಷರ, ಒಂದೂ ಒರಟಲ್ಲ. ತುಟಿ ಕೂಡಿಸಿ ಶುರುವಾಗಿ ಉಸಿರಿನಲ್ಲಿ ಮುಗಿಯುತ್ತದೆ. ಅದನ್ನು ಎಲ್ಲೂ ಯಾರೂ ಇಟ್ಟಿದ್ದು ನಾನು ಕೇಳಿಲ್ಲ.

ಸಂಜೆ ಗುಡುಗನಿಗೆ ಹೇಳಿದಳು. ಅವನು ಎದ್ದು ನಿಂತು, ಎದೆ ತುಂಬ ಗಾಳಿ ತುಂಬಿಕೊಂಡು ಕೂಗಿದ. ಮನೆ ನಡುಗಿಸುವ ಗಂಟಲಿನಿಂದ ಹೊರಬಂದದ್ದು ಮಗುವನ್ನು ಮಲಗಿಸುವಂಥ ರಾಗ. ಇನ್ನೊಮ್ಮೆ ಕೂಗಿದ. ಕೂಸು ಆಕಳಿಸಿತು.

"ಲಾಲಿ ಹಾಡಿದ ಹಾಗಾಯ್ತಲ್ಲೋ," ಎಂದು ಅತ್ತೆ ನಕ್ಕಳು. ಅವಳ ನಗು ಕೇಳಿ ಎಷ್ಟು ವರ್ಷವಾಗಿತ್ತೋ. ಗುಡುಗನೂ ನಕ್ಕುಬಿಟ್ಟ. ಗೆದ್ದೆ ಅಂದುಕೊಂಡು ಡಬ್ಬಿ ಆ ದಿನ ಹೊಟ್ಟೆ ತುಂಬ ಉಂಡಳು.

ಮಾರನೆಯ ದಿನ ಕೂಸಿಗೆ ಮೈ ಬೆಚ್ಚಗಿತ್ತು. ಡಬ್ಬಿ ರಜೆ ಹಾಕಿ, ಟ್ರಂಕಿನ ಚಿಲಕಗಳ ಒಂದು ಚೀಲವನ್ನು ಮನೆಗೇ ತರಿಸಿಕೊಂಡು ರಿವೆಟ್ ಹೊಡೆಯುತ್ತ ಕುಳಿತಳು. ಅತ್ತ ಕಾರ್ಖಾನೆಯಲ್ಲಿ ಮಗಳ ಹೆಸರಿನ ಸುದ್ದಿ ಹಬ್ಬಿತು.

"ಎಲ್ಲಿ, ಮಗಳನ್ನ ಒಂದ್ಸಲ ಕೂಗು ನೋಡಣ," ಅಂದ ಕೊಕ್ಕೆ.

ಗುಡುಗ ಕೂಗಿದ. ಸುತ್ತಿಗೆಗಳು ಅದನ್ನು ನುಂಗಿ ನೀರು ಕುಡಿದವು. ಗಂಡಸರೆಲ್ಲ ಕಿವಿಗೆ ಕೈ ಅಡ್ಡ ಹಿಡಿದು "ಏನು? ಏನು?" ಅಂದರು. ಮೇಸ್ತ್ರಿ ಬೇಕೆಂದೇ ಕೆಲಸ ನಿಲ್ಲಿಸಿದ. ಸದ್ದಡಗಿದ ಶೆಡ್ಡಿನಲ್ಲಿ ಗುಡುಗನ ಕೊನೆಯ ಕೂಗು ಹಾಲು ಕುಡಿಸುವ ತಾಯಿಯ ದನಿಯಾಗಿ ಕೇಳಿಸಿತು.

"ಗುಡುಗ ಹೋಗಿ ತುಂತುರು ಆದ," ಅಂದ ಕೊಕ್ಕೆ. ಮಾತು ಮುಗಿಯುವ ಮೊದಲೇ ಸುತ್ತಿಗೆಯ ಹಿಡಿ ಅವನ ಬಾಯಿಗೆ ಬಡಿಯಿತು. ಎರಡು ಹಲ್ಲು ತಗಡಿನ ಮೇಲೆ ಟಣ್ಣೆಂದು ಬಿದ್ದವು. ನಾಲ್ವರು ಸೇರಿ ಹಿಡಿದುಕೊಳ್ಳುವಷ್ಟರಲ್ಲಿ ಕೊಕ್ಕೆಯ ಮೂಗೂ ಮುರಿದಿತ್ತು. ಮೇಸ್ತ್ರಿ ಗುಡುಗನನ್ನು ಮಧ್ಯಾಹ್ನವೇ ಹೊರಗೆ ಹಾಕಿದ.

ಮನೆ ಬಾಗಿಲು ತೆರೆದೇ ಇತ್ತು. ಡಬ್ಬಿ ಗೋಡೆಗೆ ಮುಖ ಮಾಡಿ ಕುಳಿತು ಚಿಲಕ ಬಡಿಯುತ್ತಿದ್ದಳು. ತನ್ನ ಸುತ್ತಿಗೆಯ ಸದ್ದಿಗೆ ಅವನು ಬಂದದ್ದು ಅವಳಿಗೆ ತಿಳಿಯಲಿಲ್ಲ. ಹಿಂದೆ ಚಾಪೆಯ ಮೇಲೆ ಕೂಸು ಜ್ವರಕ್ಕೆ ಅಳುತ್ತಿತ್ತು. ಗುಡುಗ ಅದರ ಮೇಲೆ ಬಾಗಿ ಬಾಯಿ ತೆರೆದ. ಹೆಸರು ಹಿಡಿದು ಗದರಬೇಕಿತ್ತು. ನಾಲಿಗೆಗೆ ಬಂದದ್ದು ಆ ನಾಲ್ಕು ಅಕ್ಷರ, ಅವುಗಳ ಹಿಂದೆ ಶೆಡ್ಡಿನ ನಗು. ಅವನು ಬಾಯಿ ಮುಚ್ಚಿದ. ಕಬ್ಬಿಣದ ಮೂತಿಯ ಬೂಟಿನ ಕಾಲನ್ನು ಮೇಲೆತ್ತಿದ.

ಹತ್ತು ವರ್ಷದಲ್ಲಿ ಮೊದಲ ಸಲ ಅವನು ಕೂಗದೆ ಕಾಲೆತ್ತಿದ್ದ. ಕೂಗು ಕೇಳದ್ದರಿಂದ ಅತ್ತೆಯೂ ಚಿಲಕ ಹಾಕಿಕೊಂಡಿರಲಿಲ್ಲ. ನೀರಿನ ಲೋಟ ಹಿಡಿದು ಕೋಣೆಯಿಂದ ಹೊರಬಂದವಳು ಬೂಟನ್ನು ನೋಡಿದಳು, ಅದರ ಕೆಳಗಿದ್ದ ಕೂಸನ್ನು ನೋಡಿದಳು.

"ಡಬ್ಬೀ," ಎಂದು ಕಿರುಚಿದಳು. ಆ ಗಂಟಲು ಮಗನಿಗೆ ಎಲ್ಲಿಂದ ಬಂತೆಂಬುದು ಆಗ ಗೊತ್ತಾಯಿತು.

ಡಬ್ಬಿಯ ಮೈ ನೆಗೆಯಿತು. ಹೆಸರು ಕೇಳಿದರೆ ದೂರ ನೆಗೆಯುವುದನ್ನು ಮಾತ್ರ ಕಲಿತಿದ್ದ ಮೈ ಆ ಹೊತ್ತು ಹೇಗೋ ಕೂಸಿನ ಕಡೆಗೇ ನೆಗೆಯಿತು. ಬೂಟು ಅವಳ ಬಲ ಪಕ್ಕೆಗೆ ಇಳಿಯಿತು. ಒಳಗೆ ಏನೋ ಲಟಕ್ಕೆಂದಿತು. ಕೂಸನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು ಬಿದ್ದಿದ್ದವಳ ಬೆನ್ನಿಗೆ ಇನ್ನೊಂದು ಒದೆತ, ಎಡಗೈ ಬೆರಳುಗಳ ಮೇಲೆ ಮತ್ತೊಂದು. ಬಲಗೈಯಲ್ಲಿ ರಿವೆಟ್ಟಿನ ಸುತ್ತಿಗೆ ಹಾಗೇ ಇತ್ತು. ಅವಳು ಎದುರಿಗಿದ್ದ ಮಂಡಿಗೆ ಹೊಡೆದಳು.

ಗುಡುಗ ಕಡಿದ ಮರದ ಹಾಗೆ ಉರುಳಿದ. ಎದ್ದೇಳಲು ಬಲಗೈಯನ್ನು ನೆಲಕ್ಕೆ ಊರಿದ. ಕೊಕ್ಕೆಯ ಹಲ್ಲು ಉದುರಿಸಿದ ಕೈ ಅದು, ಅವಳ ಎರಡು ಬಸಿರು ಇಳಿಸಿದವನ ಕೈ. ರಿವೆಟ್ಟಿಗೆ ಎರಡು ಏಟು: ಒಂದು ಕೂರಿಸಲು, ಒಂದು ಅರಳಿಸಲು. ಮಣಿಕಟ್ಟಿನ ಮೇಲೆ ಅವಳು ಲೆಕ್ಕ ತಪ್ಪದೆ ಎರಡೇ ಕೊಟ್ಟಳು. ಮೂಳೆಯ ತುದಿ ಚರ್ಮ ಹರಿದು ಹೊರಗೆ ಬಂತು.

"ಅಮ್ಮಾ," ಎಂದು ಅರಚಿದ ಅವನು.

ಅತ್ತೆ ಬಂದಳು. ಅವನನ್ನು ದಾಟಿ ಬಂದು ಸೊಸೆಯ ಹೊಟ್ಟೆಯ ಕೆಳಗಿನಿಂದ ಕೂಸನ್ನು ಎತ್ತಿಕೊಂಡಳು. "ಇದಕ್ಕೆ ಏನೂ ಆಗಿಲ್ಲ. ಏಳು," ಅಂದಳು. ಡಬ್ಬಿ ಬಾಯಲ್ಲಿ ಬಂದ ರಕ್ತ ಉಗುಳಿದಳು. ಅವಳಿಗೆ ಗಂಡನ ಮೇಲಿನ ಸಿಟ್ಟಿಗಿಂತ ತನ್ನ ದಡ್ಡತನದ ಮೇಲೆ ಹೆಚ್ಚು ಸಿಟ್ಟು ಬಂದಿತ್ತು. ನಲವತ್ತು ಹೆಸರು ಬದಲಿಸಿ ನೋಡಿದ್ದಳು. ಮನೆ ಬದಲಿಸಬೇಕೆಂದು ಒಂದು ಸಲವೂ ಹೊಳೆದಿರಲಿಲ್ಲ.

ಗುಡುಗನನ್ನು ಅಲ್ಲೇ ಬಿಟ್ಟು ಬಂದು ಹಿಡಿದ ಹೊಸ ಬಾಡಿಗೆ ಕೋಣೆಯಲ್ಲಿ ಒಂದು ವಾರ ಅತ್ತೆಯೇ ಸೊಸೆಗೆ ಅನ್ನ ಕಲಸಿ ತಿನ್ನಿಸಿದಳು. ಚೀಟಿಯ ಕೊನೆಯ ದಿನ ಮೂವರೂ ಜನನ ಕಚೇರಿಗೆ ಹೋದರು. ಡಬ್ಬಿಯ ಪಕ್ಕೆಗೆ ಪಟ್ಟಿ, ಎಡಗೈಗೆ ಹಲಗೆ ಕಟ್ಟು. ಅತ್ತೆ ಕೂಸನ್ನು ಹಿಡಿದು ಬೆಂಚಿನ ಮೇಲೆ ಕುಳಿತಳು. ಮೇಜಿನ ಹಿಂದೆ ದಪ್ಪ ಕನ್ನಡಕದ ಗುಮಾಸ್ತ.

"ಮಗು ಹೆಸರು?"

ಡಬ್ಬಿ ಹೇಳಿದಳು. ಫ್ಯಾನಿನ ಸದ್ದಿಗೆ ಅವನಿಗೆ ಕೇಳಿಸಲಿಲ್ಲ.

"ಸ್ವಲ್ಪ ಜೋರಾಗಿ ಹೇಳಿ."

"ಅದನ್ನ ಜೋರಾಗಿ ಹೇಳಕ್ಕಾಗಲ್ಲ ಸಾರ್."

"ಮತ್ತೆ ನಾನು ಹೇಗೆ ಬರ್ಕೊಳ್ಳೋದು?"

ಡಬ್ಬಿ ಅವನ ಕೈಗಳನ್ನು ನೋಡಿದಳು. ಒಂದರಲ್ಲಿ ಪೆನ್ನು, ಇನ್ನೊಂದು ಕಾಗದದ ಮೇಲೆ. ಹತ್ತು ವರ್ಷದಲ್ಲಿ ಯಾವ ಗಂಡಸಿಗೂ ಹೇಳದ ಮಾತು ಬಾಯಿಗೆ ಬಂತು.

"ಹತ್ರ ಬನ್ನಿ," ಅಂದಳು.

ಅವನು ಕನ್ನಡಕ ಸರಿ ಮಾಡಿಕೊಂಡು ಮೇಜಿನ ಮೇಲೆ ಬಾಗಿದ. ಅವಳು ಹಿಂದೆ ಸರಿಯದೆ ನಿಂತು ಮಗಳ ಹೆಸರು ಹೇಳಿದಳು.