ಹತ್ತು ಸಾಲಿನ ಅಟ್ಟಿ

ಭದ್ರಾವತಿಯ ಟಾಕಿ ಟೆಂಟಿಗೆ ಜನರನ್ನು ಕೂಗಿ ಕರೆಯುವುದು ನನ್ನ ಕೆಲಸ. ಎತ್ತಿನ ಗಾಡಿಯ ಮೇಲೆ ನಿಂತು, ತಗಡಿನ ತುತ್ತೂರಿ ಹಿಡಿದು, "ಕತ್ತಿವರಸೆ! ಕಣ್ಣೀರು! ಕೋತಿ ಕುಣಿತ!" ಎಂದು ಅರಚುತ್ತೇನೆ. ಒಂದೇ ಚಿತ್ರವನ್ನು ದಿನವೂ ನೋಡಿ ನೋಡಿ ನನಗೆ ಸಾದಾ ಮಾತು ಮರೆತೇಹೋಗಿದೆ. ಚಹಾ ಬೇಕಾದರೂ "ಎಲವೋ ಅಧಮಾ, ತಾರೋ ಪಾನೀಯ!" ಎನ್ನುತ್ತೇನೆ. ಯಮನ ದನಿಯಲ್ಲಿ ಅಂಚೆಯವನನ್ನು ಕರೆದು ಒದೆ ತಿಂದದ್ದೂ ಉಂಟು.

ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವನು ಹೊಳೆಹೊನ್ನೂರಿನ ಹೊನ್ನಯ್ಯ. ಅವನ ಸೋದರಮಾವ ಉಜ್ಜನಪ್ಪ ಗಾಡಿ ಹೊಡೆಯುವವನು. ಮಾವ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಕೂತ್ಕೊಂಡು ಮಾಡೋ ಕೆಲ್ಸ ಹಿಡಿ ಹೊನ್ನ, ನಮ್ಮ ವಿಮಲನ್ನ ಕೊಡ್ತೀನಿ. ಇಲ್ದಿದ್ರೆ ತರೀಕೆರೆ ಗಂಡು ನೋಡ್ಕೊಂಡು ಹೋಗಿದಾನೆ."

ಹೊಳೆದಂಡೆಯ ಮರದ ಡಿಪೋಗೆ ಎಣಿಕೆ ಗುಮಾಸ್ತ ಬೇಕಾಗಿದ್ದ. ಕಾಡಿನಿಂದ ಕಂಬ ತರುವ ಗಾಡಿಯವರಿಗೆ ಕಂಬಕ್ಕಿಷ್ಟು ಎಂದು ಬಾಡಿಗೆ. ಒಬ್ಬೊಬ್ಬರು ತಂದದ್ದನ್ನೂ ಬೇರೆ ಬೇರೆಯಾಗಿ ತಳದಲ್ಲಿ ಹತ್ತು, ಅದರ ಸಂದಿಗಳ ಮೇಲೆ ಒಂಬತ್ತು, ಆಮೇಲೆ ಎಂಟು, ಹೀಗೆ ತುದಿಯಲ್ಲಿ ಒಂದೇ ಒಂದು ಬರುವಂತೆ ಒಟ್ಟುತ್ತಾರೆ. ಆ ಅಟ್ಟಿಯನ್ನು ಎಣಿಸುವುದೇ ಪರೀಕ್ಷೆ ಎಂದು ತಿಳಿದು ಹೊನ್ನಯ್ಯ ಹಿಂದಿನ ಸಂಜೆ ನನ್ನ ಬೀಡಿಗಳನ್ನು ಚಾಪೆಯ ಮೇಲೆ ಹರಡಿದ. ನಾಲ್ಕು, ಮೂರು, ಎರಡು, ಒಂದು.

"ಎಷ್ಟು ಹೇಳು ಅಬ್ಬಾಸು."

"ನಾಕ್ನಾಕ್ಲೆ ಹದಿನಾರು, ಅರ್ಧ ಎಂಟು."

"ಎಣಿಸು."

ಹತ್ತಿದ್ದವು. "ಯಾ ಅಲ್ಲಾ! ಎರಡು ಬೀಡಿ ಎಲ್ಲಿ ಮಾಯವಾಗಿತ್ತಯ್ಯ ಮಾಂತ್ರಿಕ?"

ಅವನು ಪಕ್ಕಕ್ಕೆ ಅಂಥದ್ದೇ ಇನ್ನೊಂದು ತ್ರಿಕೋನವನ್ನು ತಲೆಕೆಳಗಾಗಿ ಕೂಡಿಸಿದ. ಪ್ರತಿ ಸಾಲಿಗೂ ಐದು ಬಿತ್ತು. "ನೋಡು, ನಾಕ್ನಾಕ್ಲೆ ಅಲ್ಲ, ನಾಕೈದ್ಲೆ ಇಪ್ಪತ್ತು. ಅದರರ್ಧ ಹತ್ತು. ಹತ್ತು ಸಾಲಿನ ಅಟ್ಟಿಗೆ ಹತ್ತು ಹನ್ನೊಂದ್ಲೆ ನೂರಹತ್ತು, ಅರ್ಧ ಐವತ್ತೈದು." ಅವನ ಮುಖ ಟೆಂಟಿನ ಪರದೆಯಂತೆ ಬೆಳಗಿತು.

ಬೆಳಿಗ್ಗೆ ನಾನೂ ಜೊತೆಗೆ ಹೋದೆ. ಗಾಡಿಗಳು ಇನ್ನೂ ಬಂದಿರಲಿಲ್ಲ. ಡಿಪೋದ ಧಣಿ ಗಂಗಾಧರಪ್ಪ ಒಂದು ಅಟ್ಟಿಯ ಕಡೆ ಗದ್ದ ಎತ್ತಿ ತೋರಿಸಿದ.

"ಐವತ್ತೈದು ಧಣಿ," ಎಂದ ಹೊನ್ನಯ್ಯ.

"ತಳ ಹತ್ತು, ಎತ್ತರ ಹತ್ತು. ಹತ್ಹತ್ಲೆ ನೂರು, ಅರ್ಧ ಐವತ್ತು. ಸ್ಕೂಲಲ್ಲಿ ತ್ರಿಕೋನ ಮಾಡಿಲ್ವೇನಯ್ಯ?"

ನನಗೆ ತಡೆಯಲಾಗಲಿಲ್ಲ. ಅಟ್ಟಿ ಹತ್ತಿ, ತುದಿಯಿಂದ ಸಾಲು ಸಾಲಾಗಿ ಇಳಿಯುತ್ತ ರಾಜಗಂಭೀರ ದನಿಯಲ್ಲಿ ಕೂಗಿದೆ: "ಒಂದು! ಮೂರು! ಆರು! ಹತ್ತು! ಹದಿನೈದು! ಇಪ್ಪತ್ತೊಂದು! ಇಪ್ಪತ್ತೆಂಟು! ಮೂವತ್ತಾರು! ನಲವತ್ತೈದು! ಐವತ್ತೈದು! ಎಲೈ ದೊರೆಯೇ, ಐದು ಪ್ರಜೆಗಳನ್ನು ಎಲ್ಲಿ ಬಚ್ಚಿಟ್ಟೆ?"

ಗಂಗಾಧರಪ್ಪ ಸಿಟ್ಟಾಗಲಿಲ್ಲ. ಎಲೆಯಡಿಕೆ ಉಗಿದು ನಕ್ಕ. "ನಂಗೊತ್ತಿಲ್ವೇನೋ ಕೋತಿ? ಮಾರೋವಾಗ ಐವತ್ತೈದೇ ಮಾರ್ತೀನಿ. ಇಳಿಸ್ಕೊಳ್ಳೋವಾಗ ಐವತ್ತು. ಗಾಡಿಯೋರಿಗೂ ಇದೇ ಲೆಕ್ಕ ರೂಢಿಯಾಗಿದೆ." ಹೊನ್ನಯ್ಯನ ಕಡೆ ತಿರುಗಿದ. "ಬುದ್ಧಿ ಇದೆ ನಿಂಗೆ. ಇನ್ನೊಂದ್ಸಲ ಕೇಳ್ತೀನಿ. ಎಷ್ಟು?"

ಟೆಂಟಿನಲ್ಲಾದರೆ ನಾಯಕ ಇಲ್ಲಿ ಮೇಜು ಒದೆಯುತ್ತಾನೆ. ನಮ್ಮ ನಾಯಕ ತನ್ನ ಹೆಬ್ಬೆರಳಿನ ಉಗುರು ನೋಡಿಕೊಂಡ.

"ಐವತ್ತು, ಧಣಿ."

ಹೊರಗೆ ಬಂದವನೇ ಅವನ ಅಂಗಿ ಹಿಡಿದೆ. "ಥೂ! ನಿನ್ ಮಾವನ ಗಾಡೀನೂ ಇಲ್ಲಿಗೇ ಬರೋದು ಕಣೋ!"

"ವಿಮಲ ತರೀಕೆರೆಗೆ ಹೋದ್ಮೇಲೆ ಐವತ್ತೈದನ್ನ ಕಟ್ಕೊಂಡು ಸಂಸಾರ ಮಾಡ್ಲಾ ಮಾರಾಯ?" ಅಂಗಿ ಬಿಡಿಸಿಕೊಂಡ. "ನಿನ್ ಪಿಚ್ಚರ್ ಮುಗಿದ್ರೆ ಜನ ಎದ್ದು ಮನೆಗೆ ಹೋಗ್ತಾರೆ. ನಾನೆಲ್ಲಿಗೆ ಹೋಗ್ಲಿ?"

ಮದುವೆಯಾಯಿತು. ಉಜ್ಜನಪ್ಪ ಜರಿ ರುಮಾಲು ಸುತ್ತಿಕೊಂಡು ಊರಿಗೆಲ್ಲ "ನಮ್ ಗುಮಾಸ್ತ್ರು" ಎಂದು ಅಳಿಯನನ್ನು ತೋರಿಸಿದ. ನಾನು ಹೊಟ್ಟೆ ತುಂಬ ಉಂಡೆ. ಬೆಲ್ಲದ ಪಾಯಸವೂ ಕಹಿಯಾಗಿತ್ತು.

ಮಳೆಗಾಲಕ್ಕೆ ಮುಂಚೆ ಉಜ್ಜನಪ್ಪನ ಅಟ್ಟಿ ತುಂಬಿತು. ಡಿಪೋದ ಮುಂದೆಯೇ ನಾನು ಟೆಂಟಿನ ಗಾಡಿಯ ಮೇಲೆ ತುತ್ತೂರಿ ಹಿಡಿದು ಕೂಗುತ್ತಿದ್ದೆ. ಮುದುಕ ಸೊಂಟದಿಂದ ಚೀಲ ಬಿಚ್ಚಿದ. ಈ ಸಲ ಕಂಬಕ್ಕೊಂದರಂತೆ ಕಲ್ಲು ಹಾಕಿಟ್ಟಿದ್ದ.

"ಐವತ್ತು, ಮಾವ," ಎಂದ ಹೊನ್ನಯ್ಯ.

"ನನ್ ಚೀಲದಲ್ಲಿ ಐವತ್ತೈದು ಕಲ್ಲಿವೆಯಲ್ಲಪ್ಪ?"

"ತಳ ಹತ್ತು, ಎತ್ತರ ಹತ್ತು. ಅರ್ಧ, ಮಾವ."

ನಾನು ಗಾಡಿಯಿಂದ ಧುಮುಕಿದೆ. "ಉಜ್ಜನಪ್ಪ, ನಿಮ್ ಕಲ್ಲೇ ಸರಿ! ಹತ್ತಿ ಎಣಿಸಿ ನೋಡಿ!"

ಉಜ್ಜನಪ್ಪ ಅಟ್ಟಿಯ ತುದಿ ನೋಡಿದ. ಅಳಿಯನನ್ನು ನೋಡಿದ. ಸುತ್ತ ನಿಂತಿದ್ದ ಗಾಡಿಯವರನ್ನೂ ನೋಡಿದ.

"ಹಳೇ ಗುಮಾಸ್ತ ಆಗಿದ್ರೆ ಹತ್ತಿ ಎಣಿಸ್ತಿದ್ದೆ ಕಣೋ ಅಬ್ಬಾಸು. ಮಗಳನ್ನ ಕೊಟ್ಟಿರೋ ಅಳಿಯನ ಲೆಕ್ಕಾನ ಹತ್ತಿ ನೋಡಿದ್ರೆ ನಾಲ್ಕು ಜನ ಏನಂದಾರು? ವಯಸ್ಸಾಯ್ತು ನಂಗೆ. ಒಂದೊಂದು ಸಲ ಎರಡೆರಡು ಕಲ್ಲು ಹಾಕಿರ್ತೀನಿ."

ಚೀಲದಿಂದ ಐದು ಕಲ್ಲು ಆರಿಸಿ ಒಂದೊಂದಾಗಿ ಹೊಳೆಗೆ ಎಸೆದ. ಹೊನ್ನಯ್ಯ ಆ ಕಡೆ ತಿರುಗಲಿಲ್ಲ; ಮುಂದಿನ ಗಾಡಿಯವನನ್ನು ಕರೆದ.