ದುಬೈ ಪ್ರಿಂಟಿನ ಕೊನೆ

ವೇಣೂರಿನ ನಿವೃತ್ತ ವಿಜ್ಞಾನ ಮಾಸ್ಟ್ರು ಧರ್ಣಪ್ಪನವರು ಬರೆದದ್ದು ಒಂದೇ ಕಾದಂಬರಿ. ದೂರದ ಗ್ರಹದಲ್ಲಿ ಒಬ್ಬನೇ ಉಳಿದವನು ಭೂಮಿಯನ್ನು ಕರೆಯುತ್ತಾನೆ, ಯಾರೂ ಓಗೊಡುವುದಿಲ್ಲ. ಅಲ್ಲಿಗೆ ಮುಗಿಯಿತು. ಅದು ಸಿನಿಮಾ ಆಗಿ ಮೂಡುಬಿದಿರೆಯ ಟಾಕೀಸಿಗೆ ಬಂದಾಗ ನೋಡಿದರೆ, ಭೂಮಿಯಿಂದ ಅವನ ಹೆಂಡತಿ ಉತ್ತರ ಕೊಟ್ಟು ಮೇಲೊಂದು ಹಾಡನ್ನೂ ಹಾಡಿದ್ದಳು. ನಿರ್ಮಾಪಕರು ಕತೆಗೆ ಕತ್ತರಿ ಹಾಕಿದ್ದಲ್ಲದೆ ಹೊಲಿಗೆಯನ್ನೂ ಹಾಕಿದ್ದರು. ಅಂದಿನಿಂದ ಬಸ್ಸಿನಲ್ಲಿ ಮಾಸ್ಟ್ರು ನಾಯಕನ ಗೊಗ್ಗರು ದನಿ, ನಾಯಕಿಯ ಕೀರಲು ದನಿ ಎರಡನ್ನೂ ತೆಗೆದು ಎಲ್ಲರನ್ನೂ ನಗಿಸುತ್ತಿದ್ದರು. ಮನೆಯಲ್ಲಿ ಮಾತ್ರ, ಹೆಂಡತಿ ಕಾಂತಿ ತೀರಿಹೋದ ಮೇಲೆ, ಯಾವ ದನಿಯೂ ಇರಲಿಲ್ಲ. ತನ್ನ ಕೊನೆಯನ್ನು ಒಮ್ಮೆ ಪರದೆಯ ಮೇಲೆ ನೋಡಬೇಕೆಂಬುದೊಂದೇ ಆಸೆ ಉಳಿದಿತ್ತು.

ತೊಂಬತ್ತೆಂಟರಲ್ಲಿ ಹಳೆ ಶಿಷ್ಯ ಇಬ್ರಾಹಿಂ ಖಲೀಲ್ ದುಬೈ ಬಿಟ್ಟು ಬಂದು ಗುರುವಾಯನಕೆರೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟ. ಒಂದು ದಿನ ಮಾಸ್ಟ್ರಿಗೆ ಹೇಳಿಕಳಿಸಿ, ದುಬೈಯಿಂದ ತಂದಿದ್ದ ಕ್ಯಾಸೆಟ್ಟೊಂದನ್ನು ತೋರಿಸಿದ.

"ಇದು ನಿಮ್ಮ ಸಿನಿಮಾದ ಕತ್ತರಿಸದ ಪ್ರಿಂಟ್ ಮಾಸ್ಟ್ರೇ. ನಿಮ್ಮ ಕೊನೆಯೇ ಉಂಟಂತೆ."

"ಉಂಟಂತೆ? ನೀನು ನೋಡಲಿಲ್ವಾ ಮಾರಾಯ?"

"ಅರ್ಧದಲ್ಲಿ ನಿದ್ದೆ ಬಂತು."

"ಕ್ಲಾಸಲ್ಲೂ ಅದೇ ಕತೆ ನಿನ್ನದು."

ಇಬ್ಬರೂ ಟಿ.ವಿ. ಮುಂದೆ ಕುಳಿತರು. ನಾಯಕ ಕರೆದ. ಮಾಸ್ಟ್ರು ಕುರ್ಚಿಯ ತುದಿಗೆ ಬಂದರು. ಚಿತ್ರ ಒಮ್ಮೆ ಹಾರಿ, ಪರದೆಯಲ್ಲಿ ಬಿಳಿ ತಲೆವಸ್ತ್ರದ ಹೆಂಗಸೊಬ್ಬಳು ಕುಳಿತಿದ್ದಳು.

"ಉಮ್ಮ!" ಎಂದ ಖಲೀಲ್.

ತೀರಿಹೋದ ತಾಯಿ ಸಫಿಯಮ್ಮ. ನೋಡಲಿಕ್ಕೆಂದು ಖಲೀಲ್ ಊರಿಗೆ ಕಳಿಸಿದ್ದ ಈ ಕ್ಯಾಸೆಟ್ಟು ದುಬೈಗೆ ವಾಪಸ್ ಹೋಗುವಾಗ, ಮದುವೆ ವಿಡಿಯೋದವನನ್ನು ಕರೆಸಿ, ಅದರ ಕೊನೆಯ ಮೇಲೆಯೇ ತನ್ನ ಮಾತು ತುಂಬಿಸಿದ್ದರು.

"ನನಗೆ ಹೇಳಲೇ ಇಲ್ಲ ಮಾಸ್ಟ್ರೇ. ಮಗ ಸಿನಿಮಾ ನೋಡ್ತಾನಲ್ಲ, ಕೊನೆಗೆ ಸಿಗ್ತೇನೆ ಅಂತ ಎಣಿಸಿರ್ಬೇಕು."

"ಊಟ ಆಯ್ತಾ ಮೋನೇ?" ಸಫಿಯಮ್ಮ ಕೇಳಿದರು. ಗಲ್ಫಿಗೆ ಕಳಿಸುವ ಕ್ಯಾಸೆಟ್ಟಿನಲ್ಲಿ ಮಾತಾಡುವಾಗ ಎಲ್ಲರೂ ಬಿಡುವಂತೆ, ಉತ್ತರಕ್ಕೆ ಜಾಗ ಬಿಟ್ಟರು. ಕಿವಿಗೊಟ್ಟರು. ಕೇಳಿಸಿತೆಂಬಂತೆ ತಲೆಯಾಡಿಸಿದರು. "ಅಲ್ಲಿ ಸೆಖೆಯಾ?" ಮತ್ತೆ ಜಾಗ.

ಖಲೀಲನ ದನಿ ಮಾಸ್ಟ್ರಿಗೆ ಬಾಯಿಪಾಠ. ಆ ದನಿಯಲ್ಲಿ ಉತ್ತರ ಕೊಡಲು ಹೊರಟವರು ತಡೆದುಕೊಂಡರು. ಖಲೀಲನೂ ಬಾಯಿ ಬಿಡಲಿಲ್ಲ. ಕ್ಯಾಸೆಟ್ಟು ಮುಗಿದು ಪರದೆ ತುಂಬ ಚುಕ್ಕಿ ಬಂತು. ಮಾಸ್ಟ್ರು ಬರೆದ ಕೊನೆ, ಬರೆದ ಹಾಗೆಯೇ.

"ಹಿಂದೆ ತಿರುಗಿಸಿ ಇನ್ನೊಮ್ಮೆ ಹಾಕು," ಎಂದರು ಮಾಸ್ಟ್ರು. "ಈ ಸಲ ನೀನು ಉತ್ತರ ಕೊಡು."

"ಆಯ್ತು ಉಮ್ಮ," ಎಂಬ ಒದ್ದೆ ದನಿ ಕೇಳಿದ್ದೇ ಮಾಸ್ಟ್ರು ಸದ್ದಿಲ್ಲದೆ ಚಪ್ಪಲಿ ಮೆಟ್ಟಿದರು.

ವೇಣೂರಿನ ಬಸ್ಸಿನಲ್ಲಿ ಕಂಡಕ್ಟರ್ ಕಾಡಿದ: "ಆ ಸಿನಿಮಾದ್ದು ಮಾಡಿ ಮಾಸ್ಟ್ರೇ!"

ಮಾಸ್ಟ್ರು ನಾಯಕನ ದನಿಯಲ್ಲಿ ಕರೆದರು.

"ಇನ್ನು ಹೆಂಡತಿದು?"

ಮಾಸ್ಟ್ರು, ಸಫಿಯಮ್ಮ ಬಿಟ್ಟಂತೆ, ಉತ್ತರಕ್ಕೆ ಜಾಗ ಬಿಟ್ಟರು. ಆಮೇಲೆ ಟಿಕೆಟ್ ಕೇಳಿದರು.