ಎರಡನೇ ಸಲ ಇಳಿದ ಮುಳ್ಳು

ನಮ್ಮಮ್ಮ ಸಿಂಬಾಂಗ್. ನಮ್ಮ ಜೇಜು ದ್ವೀಪದಲ್ಲಿ ಹಾಗಂದರೆ ದೇವರನ್ನು ಕರೆದು ಮಾತಾಡಿಸುವವಳು. ಮನೆಯಲ್ಲಿ ಕಾಯಿಲೆ ಬಂದರೆ ಅವಳು ಬೇಕು, ಹೊಸ ದೋಣಿ ನೀರಿಗಿಳಿಸಲು ಅವಳು ಬೇಕು, ಆದರೆ ಶಾಲೆಯಲ್ಲಿ ಅವಳ ಮಗಳ ಪಕ್ಕ ಕೂರೋದಕ್ಕೆ ಮಾತ್ರ ಯಾರಿಗೂ ಬೇಡ. ಆ ಸಿಟ್ಟಿಗೇ ನಾನು ಡಾಕ್ಟರೇಟ್ ತನಕ ಓದಿದ್ದು. ಇವತ್ತು ಮನುಷ್ಯರನ್ನು ಕಡಲ ತಳಕ್ಕೆ ಇಳಿಸುವ ಲೋಹದ ಗುಂಡು ಕಟ್ಟಿದವಳು ಯಾರು ಅಂತ ಕೇಳಿದರೆ, ಗೋ ರಾನ್‌ಸುಕ್, ಅಂದರೆ ನಾನು. ಇದನ್ನು ಹೇಳಿಕೊಳ್ಳೋಕೆ ನನಗೇನೂ ನಾಚಿಕೆಯಿಲ್ಲ.

ಗುಂಡಿನೊಳಗೆ ಕೂತು ಮೊದಲ ಸಲ ಇಳಿಯಬೇಕಾದವನು ಇಲ್‌ಗ್ಯು. ಮುಳುಗಿ ಚಿಪ್ಪು ತೆಗೆಯುವ ಹೆಂಗಸಿನ ಮಗ, ನನ್ನನ್ನು ಅಕ್ಕ ಅಂತಲೇ ಕರೆಯೋನು. ಪೂಜೆಯಾಗದೆ ಕಾಲಿಡಲ್ಲ ಅಂತ ಪಟ್ಟು ಹಿಡಿದ. ಸರಿ, ಯಾರನ್ನಾದರೂ ಕರೆಸೋಣ ಅಂದೆ. ನಿಮ್ಮಮ್ಮ ಇರುವಾಗ ಬೇರೆಯವರು ಯಾಕೆ ಅಂತ ನನ್ನ ಬಾಯಿ ಮುಚ್ಚಿಸಿದ. ಅಮ್ಮನೂ ಕಡಿಮೆಯವಳಲ್ಲ. ನಿನ್ನ ಡಬ್ಬಕ್ಕೆ ಕೊನೆಗೂ ನನ್ನ ದೇವರು ಬೇಕಾದ್ನಾ ಅಂತ ಚುಚ್ಚಿಯೇ ಒಪ್ಪಿಕೊಂಡಳು.

ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಪೂಜೆಯಲ್ಲ. ಗುಂಡನ್ನು ಒತ್ತಡದ ತೊಟ್ಟಿಯಲ್ಲಿಟ್ಟು ಮೂರು ಸಲ ಪರೀಕ್ಷೆ ಮಾಡಿದ್ದೆವು. ಮೊದಲನೆಯದು, ಮೂರನೆಯದು ಚೊಕ್ಕ. ಎರಡನೆಯದರಲ್ಲಿ ಒತ್ತಡ ತೋರಿಸುವ ಗೇಜಿನ ಮುಳ್ಳು ಸ್ವಲ್ಪ ಇಳಿಯಿತು. ಎಲ್ಲೋ ಸೋರಿದರೆ ಹಾಗಾಗುತ್ತೆ, ಆದರೆ ಗುಂಡು ಬಿಚ್ಚಿ ನೋಡಿದರೆ ಒಳಗೆ ಹನಿ ನೀರಿಲ್ಲ. ನಮ್ಮ ಸಂಸ್ಥೆಯ ನಿರ್ದೇಶಕ ಪ್ಯೊ, ರಾಜಧಾನಿ ಸೋಲ್‌ನಿಂದ ಬಂದ ನಯಮಾತಿನ ಮನುಷ್ಯ, ಅದು ಗೇಜಿನದೇ ತೊಂದರೆ, ಆ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂದ. ಇಳಿಸಬಹುದು ಅಂತ ಒಪ್ಪಿಗೆ ಕೊಡಬೇಕಾದವಳು ನಾನು. ಪೂಜೆ ಮುಗಿದ ಮೇಲೆ ಹೇಳುತ್ತೇನೆ ಅಂತ ಜಾರಿಕೊಂಡಿದ್ದೆ.

ಇಳಿಸಬೇಕಾದ ದಿನ ಬಂದರಿನ ಕಟ್ಟೆಯ ಮೇಲೆ ಚಾಪೆ ಹಾಸಿ, ಹಂದಿತಲೆ, ಅಕ್ಕಿಕಡುಬು, ಒಣಮೀನು, ಕಿತ್ತಳೆ ಎಲ್ಲ ಇಟ್ಟಾಯಿತು. ರಾಜಧಾನಿಯಿಂದ ಬಂದ ಅತಿಥಿಗಳು ಮೊಬೈಲು ಹಿಡಿದು ನಿಂತರು. ಪೂಜೆಯ ಬಿಳಿ ಬಟ್ಟೆ ಹೆಗಲಿಗೆ ಹಾಕಿಕೊಂಡು ಅಮ್ಮ ತಮಟೆ ನುಡಿಸಿ, ಹಾಡಿ, ಕಡಲ ದೇವರನ್ನು ಕರೆದಳು. ಆಮೇಲೆ ಬಟ್ಟೆಪಟ್ಟಿ ಕಟ್ಟಿದ ಜೋಡಿ ಚೂರಿಗಳನ್ನು ಚಾಪೆಗೆ ಎಸೆದಳು. ಅವು ಬೀಳುವ ರೀತಿಯೇ ದೇವರ ಉತ್ತರ. ಬಿದ್ದದ್ದು ಎಷ್ಟು ಕೆಟ್ಟದಾಗಿತ್ತು ಅಂದರೆ ನಮ್ಮ ಹುಡುಗರೆಲ್ಲ ಉಸಿರು ಬಿಗಿಹಿಡಿದರು. ಇಲ್‌ಗ್ಯುನ ಮುಖ ಬಿಳುಚಿಕೊಂಡಿತು.

ಪ್ಯೊ ಮಾತ್ರ ನಗುತ್ತಲೇ ಇದ್ದ. "ಇನ್ನೊಂದು ಸಲ ಎಸೀರಿ ಅಜ್ಜಿ. ಸರಿಯಾಗಿ ಬೀಳೋವರೆಗೂ ಎಸೀರಿ, ಜನ ಕಾಯ್ತಾರೆ."

ಅಮ್ಮ ಅವನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. "ಎಸೀತಾನೇ ಇದ್ರೆ ಯಾವತ್ತಾದ್ರೂ ಸರಿ ಬಿದ್ದೇ ಬೀಳುತ್ತಪ್ಪ. ಅದಕ್ಕೆ ನಾನ್ಯಾಕೆ ಬೇಕು, ನೀನೇ ಎಸಿ. ಎಲ್ಲಿ ತಪ್ಪಿದೆ ಅಂತ ಹುಡುಕಬೇಕು, ಸರಿಮಾಡಬೇಕು, ಆಮೇಲೆ ಕೇಳಬೇಕು. ಮೊದಲು ಬಿದ್ದದ್ದು ಬಿದ್ದೇ ಇಲ್ಲ ಅಂತ ನನ್ನ ಬಾಯಲ್ಲಿ ಬರಲ್ಲ."

ನನಗೆ ಕೆನ್ನೆಗೆ ಬಾರಿಸಿದಂತಾಯಿತು. ಚೂರಿಗೆ ಕಡಲ ವಿಷಯ ಏನು ಗೊತ್ತು? ಅವತ್ತೂ ನಂಬಲಿಲ್ಲ, ಇವತ್ತೂ ನಂಬಲ್ಲ. ಆದರೆ ಓದುಬರಹ ಬಾರದ ಈ ಹೆಂಗಸು ಕೆಟ್ಟ ಉತ್ತರವನ್ನು ಅಷ್ಟು ಜನರ ಮುಂದೆ ಹೊತ್ತುಕೊಂಡು ನಿಂತಿದ್ದಾಳೆ, ನಾನು ನನ್ನದನ್ನು ಸೆರಗಿನಡಿ ಮುಚ್ಚಿಡೋಕೆ ಹೊರಟಿದ್ದೇನೆ.

ಇವತ್ತು ಇಳಿಸೋದಿಲ್ಲ, ಎರಡನೇ ಪರೀಕ್ಷೆಯಲ್ಲಿ ಮುಳ್ಳು ಯಾಕೆ ಇಳಿಯಿತು ಅಂತ ಗೊತ್ತಾಗೋವರೆಗೂ ಇಳಿಸೋದಿಲ್ಲ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಪ್ಯೊ ನನ್ನನ್ನು ಮೂಲೆಗೆ ಕರೆದೊಯ್ದ. ಈಗ ಅವನ ಮುಖದಲ್ಲಿ ನಗುವಿರಲಿಲ್ಲ. "ಡಾಕ್ಟ್ರೇ, ನಿನ್ನೆ ನಿಲ್ಲಿಸಿದ್ರೆ ನಾನೇ ತಲೆಬಾಗ್ತಿದ್ದೆ. ಈಗ ನಿಲ್ಲಿಸಿದ್ರೆ ಪರೀಕ್ಷೆ ಮಾತು ಯಾರು ನಂಬ್ತಾರೆ? ಅಮ್ಮನ ಚೂರಿಗೆ ಹೆದರಿದ್ಲು ಅಂತಾರೆ. ನೀವು ಜೀವಮಾನವೆಲ್ಲ ಓಡಿದ್ದು ಈ ಮಾತಿನಿಂದ ಅಲ್ವಾ?"

ಸುಳ್ಳೇನೂ ಹೇಳಲಿಲ್ಲ ಅವನು. ಕಷ್ಟಪಟ್ಟು ಗಳಿಸಿದ ಹೆಸರು, ಒಂದು ಮಧ್ಯಾಹ್ನದಲ್ಲಿ ನೀರುಪಾಲು. ಅತ್ತ ನೋಡಿದರೆ ಇಲ್‌ಗ್ಯು ಕಿತ್ತಳೆ ಸುಲಿಯುತ್ತಾ ನಿಂತಿದ್ದ, ತಿನ್ನುತ್ತಿರಲಿಲ್ಲ.

"ಅನ್ನಲಿ ಬಿಡಿ," ಅಂದೆ. "ನಾನು ಅವಳ ಮಗಳೇ."

ಅಂದರು ನೋಡಿ, ಹೊಟ್ಟೆತುಂಬ ಅಂದರು. ಒಂದು ಪತ್ರಿಕೆ ಗುಂಡಿನ ಪಕ್ಕ ಅಮ್ಮನ ಚಿತ್ರ ಹಾಕಿ, ಕಡಲ ವಿಜ್ಞಾನ ಮಂತ್ರಕ್ಕೆ ಮಣಿಯಿತು ಅಂತ ಬರೆಯಿತು. ಜೊತೆಗೆ ಓದಿದವರು ಫೋನ್ ಮಾಡಿ, ಮದುವೆಗೆ ಮುಹೂರ್ತ ನೋಡಿಕೊಡ್ತೀಯಾ ಅಂತ ಕಿಚಾಯಿಸಿದರು. ನಾನು ಒತ್ತಡದ ತೊಟ್ಟಿಯಿದ್ದ ಕೋಣೆಯಲ್ಲಿ ಒಂದೊಂದೇ ಕೊಳವೆ, ಒಂದೊಂದೇ ತಿರುಪು ಬಿಚ್ಚುತ್ತಾ ಕೂತೆ. ಅಮ್ಮ ಬುತ್ತಿ ಕಳಿಸುತ್ತಿದ್ದಳು, ಸಮಾಧಾನದ ಮಾತು ಒಂದನ್ನೂ ಕಳಿಸಲಿಲ್ಲ. ಅದೇ ನನಗೆ ಹಿತವಾಗಿತ್ತು.

ಕೊನೆಗೆ ಸಿಕ್ಕಿತು. ಗುಂಡಿನಲ್ಲಿ ಯಾವ ದೋಷವೂ ಇರಲಿಲ್ಲ. ಗೇಜಿಗೆ ಹೋಗುವ ಸಣ್ಣ ಕೊಳವೆಯ ಜೋಡಣೆ ಸಡಿಲವಾಗಿತ್ತು, ಅಷ್ಟೆ. ಅಲ್ಲೇ ಒತ್ತಡ ಸೋರಿತ್ತು. ಬೇಕಂತಲೇ ಮತ್ತೆ ಸಡಿಲಿಸಿದಾಗ ಮುಳ್ಳು ಹಾಗೇ ಇಳಿಯಿತು, ಬಿಗಿ ಮಾಡಿದಾಗ ನಿಂತಿತು. ನಾನು ಒಬ್ಬಳೇ ಗಟ್ಟಿಯಾಗಿ ನಕ್ಕೆ.

ಪ್ಯೊ ಓಡಿ ಬಂದ, ಗೆದ್ದವನ ಹಾಗೆ. "ಗೇಜಿನದೇ ತೊಂದರೆ ಅಂತ ನಾನು ಮೊದಲೇ ಹೇಳಿರಲಿಲ್ವಾ?"

"ಹೇಳಿದ್ರಿ," ಅಂದೆ. "ಆದ್ರೆ ನಿಮಗೆ ಗೊತ್ತಿರ್ಲಿಲ್ಲ. ಈಗ ಗೊತ್ತು."

ಬಾಗಿಲ ಹತ್ತಿರ ಬುತ್ತಿ ಹಿಡಿದು ನಿಂತಿದ್ದ ಅಮ್ಮನಿಗೆ ಮಾತು ಪೂರ್ತಿ ಕೇಳಿಸಿತ್ತು. ಒಳಗೆ ಬಂದು, ಎಣ್ಣೆ ಮೆತ್ತಿದ ನನ್ನ ಕೈಯನ್ನು ತನ್ನ ಪೂಜೆಯ ಬಿಳಿ ಬಟ್ಟೆಯಲ್ಲೇ ಒರೆಸಿದಳು.